ಬ್ರೈಟ್‌ನೆಸ್ ಸ್ವಲ್ಪ ಕಮ್ಮಿ ಮಾಡು

ತುಂಬಾ ದಿನದಿಂದ ಇಲ್ಲಿ ಏನೂ ಕುಟ್ಟಿರಲಿಲ್ಲ. ಕೆಲಸದ ಒತ್ತಡ ಅನ್ನುವ ಹಳೇ ನೆಪ ಇದ್ದೇ ಇದೆ. ಇವತ್ತು ಮಾತ್ರ ಬರೆಯದಿದ್ದರೆ ನಿದ್ದೆ ಬರಲ್ಲ ಅನ್ನಿಸಿ ಕೂತಿದ್ದೇನೆ. ಕಾರಣ ಕಳೆದ ವಾರ ಆಫೀಸಿನ ಕ್ಯಾಂಟೀನಿನಲ್ಲಿ ನಡೆದ ಒಂದು ಜಗಳ.

ಊಟದ ಹೊತ್ತಲ್ಲಿ ಯಾರೋ ಅಮೆರಿಕದ 1988ರ ಚುನಾವಣೆಯ ಹಳೇ ಜಾಹೀರಾತೊಂದನ್ನು ಮೊಬೈಲಿನಲ್ಲಿ ತೋರಿಸಿದರು. ಅರ್ಧ ನಿಮಿಷದ್ದು. ನಾನು "ಇದು ಅಪ್ಪಟ ಜನಾಂಗದ್ವೇಷ" ಅಂದೆ. ಎದುರಿಗೆ ಕೂತಿದ್ದ ಗೆಳೆಯ ಮೊಸರನ್ನ ಕಲಸುತ್ತಾ, "ಅದರಲ್ಲಿ ಕರಿಯ, ಬಿಳಿಯ ಅನ್ನೋ ಒಂದೇ ಒಂದು ಪದ ತೋರ್ಸು ನೋಡೋಣ. ಹೇಳಿರೋದೆಲ್ಲ ನಿಜ ತಾನೆ? ನಿಜ ಹೇಳಿದ್ರೆ ದ್ವೇಷ ಹೆಂಗಾಗುತ್ತೆ ಗುರೂ?" ಅಂದ. ಟೇಬಲ್ಲಿನಲ್ಲಿದ್ದ ಆರು ಜನರಲ್ಲಿ ನಾಲ್ಕು ಜನ ಅವನ ಕಡೆ. ನನಗೆ ಆ ಕ್ಷಣಕ್ಕೆ ಸರಿಯಾದ ಉತ್ತರ ಹೊಳೆಯಲಿಲ್ಲ. ಕೈ ತೊಳೆದು ಬಂದು ಸುಮ್ಮನೆ ಕೋಡ್ ಬರೆಯುತ್ತಾ ಕೂತೆ. ಈಗ ಉತ್ತರ ಕೊಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ಆ ಜಾಹೀರಾತಿನ ಕಥೆ. 1988ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಪಕ್ಷದಿಂದ ಜಾರ್ಜ್ ಬುಷ್ (ಅಪ್ಪ ಬುಷ್), ಡೆಮಾಕ್ರಟಿಕ್ ಪಕ್ಷದಿಂದ ಮೆಸಾಚುಸೆಟ್ಸ್ ರಾಜ್ಯದ ಗವರ್ನರ್ ಮೈಕಲ್ ಡುಕಾಕಿಸ್ ನಿಂತಿದ್ದರು. ಮೆಸಾಚುಸೆಟ್ಸಿನಲ್ಲಿ ಕೈದಿಗಳನ್ನು ವಾರಾಂತ್ಯಕ್ಕೆ ರಜೆಯ ಮೇಲೆ ಹೊರಗೆ ಬಿಡುವ ಪದ್ಧತಿ ಇತ್ತು. ಕೊಲೆ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಲ್ಲಿದ್ದ ವಿಲಿಯಂ ಹಾರ್ಟನ್ ಎಂಬ ಕಪ್ಪು ಮನುಷ್ಯ 1986ರಲ್ಲಿ ಹಾಗೆ ಹೊರಗೆ ಹೋದವನು ವಾಪಸ್ ಬರಲಿಲ್ಲ. 1987ರಲ್ಲಿ ಮೇರಿಲ್ಯಾಂಡಿನಲ್ಲಿ ಒಂದು ಬಿಳಿಯ ಜೋಡಿಯ ಮೇಲೆ ಬಿದ್ದ. ಗಂಡಸನ್ನು ಇರಿದ, ಹೆಂಗಸಿನ ಮೇಲೆ ಅತ್ಯಾಚಾರ ಮಾಡಿದ. ಇದೆಲ್ಲ ನಿಜ. ಆ ಇಬ್ಬರು ಅನುಭವಿಸಿದ ನರಕವೂ ನಿಜ. ಕೈದಿಗಳಿಗೆ ರಜೆ ಕೊಡಬೇಕೋ ಬೇಡವೋ ಅಂತ ಕೇಳುವ ಹಕ್ಕು ಮತದಾರನಿಗೆ ಇತ್ತು ಅನ್ನುವುದೂ ನಿಜ.

ಸೆಪ್ಟೆಂಬರಿನಲ್ಲಿ ಬುಷ್ ಪರವಾದ ಒಂದು ಹೊರಗಿನ ಗುಂಪು ಟೀವಿಯಲ್ಲಿ ಆ ಜಾಹೀರಾತು ಹಾಕಿತು. ಬುಷ್ ಮರಣದಂಡನೆ ಪರ, ಡುಕಾಕಿಸ್ ವಿರೋಧಿ ಅಂತ ಶುರುವಾಗುತ್ತದೆ. ಆಮೇಲೆ ಪೊಲೀಸರು ತೆಗೆದ ಹಾರ್ಟನ್ನನ ಕಪ್ಪುಬಿಳುಪು ಫೋಟೋ. ಕೆದರಿದ ಕೂದಲು, ಗಡ್ಡ. ಕಿಡ್ನ್ಯಾಪು, ಇರಿತ, ಅತ್ಯಾಚಾರ ಅನ್ನುವ ಪದಗಳು ಒಂದೊಂದಾಗಿ ಪರದೆ ಮೇಲೆ ಬರುತ್ತವೆ. ಕೇಬಲ್ಲಿನಲ್ಲಿ ಅದು ಕೆಲವೇ ದಿನ ಓಡಿತು. ಆದರೆ ಸುದ್ದಿ ಚಾನೆಲ್ಲುಗಳು ಚರ್ಚೆ ಮಾಡುವ ಹೆಸರಲ್ಲಿ ಅದನ್ನೇ ಪದೇ ಪದೇ ತೋರಿಸಿ ಇಡೀ ದೇಶಕ್ಕೆ ಮುಟ್ಟಿಸಿದವು. ಅಂದಹಾಗೆ, ಜಾಹೀರಾತು ಆತನನ್ನು 'ವಿಲ್ಲಿ' ಅಂತ ಕರೆಯುತ್ತದೆ. ತನ್ನನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ ಅಂತ ಹಾರ್ಟನ್ ಆಮೇಲೆ ಹೇಳಿದ. ಒಂದು ಹೆಸರನ್ನು ಚಿಕ್ಕದು ಮಾಡಿದರೆ ಏನಾಗುತ್ತದೆ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಊರಲ್ಲಿ ಯಾರನ್ನು 'ಅಪ್ಪ', 'ಅಣ್ಣ' ಸೇರಿಸಿ ಕರೆಯುತ್ತಾರೆ, ಯಾರ ಹೆಸರನ್ನು ಅರ್ಧಕ್ಕೇ ಕತ್ತರಿಸುತ್ತಾರೆ ಅನ್ನುವುದನ್ನು ನೋಡಿಯೇ ಬೆಳೆದವರು ನಾವು.

ಈಗ ಗೆಳೆಯನ ಪ್ರಶ್ನೆಗೆ ಬರೋಣ. ಎಲ್ಲ ನಿಜ ಆಗಿದ್ದಮೇಲೆ ತಪ್ಪೇನು?

ಅದೇ ವರ್ಷ ಏಪ್ರಿಲ್‌ನಲ್ಲಿ ಇದೇ ಕೈದಿಗಳ ರಜೆಯ ವಿಷಯವನ್ನು ಡುಕಾಕಿಸ್ ಮುಂದೆ ಎತ್ತಿದವನು ಅವರದೇ ಪಕ್ಷದ ಆಲ್ ಗೋರ್. ವೇದಿಕೆಯ ಮೇಲೆ ಚರ್ಚೆಯಲ್ಲಿ ಕೇಳಿದ. ಹಾರ್ಟನ್ನನ ಹೆಸರು ಎತ್ತಲಿಲ್ಲ, ಫೋಟೋ ತೋರಿಸಲಿಲ್ಲ, ಬಣ್ಣದ ಸುಳಿವೂ ಕೊಡಲಿಲ್ಲ. ಅಂದರೆ ವಿಷಯವನ್ನು ಮುಖವಿಲ್ಲದೆಯೂ ಕೇಳಬಹುದಿತ್ತು. ಆ ರಜೆಯ ಪದ್ಧತಿಯನ್ನು 1972ರಲ್ಲಿ ಶುರು ಮಾಡಿದ್ದು ಒಬ್ಬ ರಿಪಬ್ಲಿಕನ್ ಗವರ್ನರ್ ಅನ್ನುವುದೂ ನಿಜವೇ. ಆ ನಿಜ ಜಾಹೀರಾತಿನಲ್ಲಿ ಇಲ್ಲ. ಕೇಂದ್ರ ಸರ್ಕಾರದ ಜೈಲುಗಳಲ್ಲೂ ರಜೆ ಇತ್ತು ಅನ್ನುವುದೂ ನಿಜವೇ. ಅದೂ ಇಲ್ಲ. ಇಷ್ಟು ನಿಜಗಳ ಗುಡ್ಡೆಯಿಂದ ಒಂದೇ ಒಂದು ಮುಖವನ್ನು ಆರಿಸಿ ಎತ್ತಿದ್ದಾರೆ. ಅತ್ಯಾಚಾರ ಅನ್ನುವ ಪದದ ಪಕ್ಕ ಕಪ್ಪು ಗಂಡಸಿನ ಮುಖ ಇಟ್ಟರೆ ಅಮೆರಿಕದಲ್ಲಿ ಏನೆಲ್ಲ ಏಳುತ್ತದೆ ಅನ್ನುವುದು ಆರಿಸಿದವರಿಗೆ ಗೊತ್ತಿತ್ತು. ಬಿಳಿ ಹೆಂಗಸಿನ ಜೊತೆ ಅನುಚಿತವಾಗಿ ನಡೆದುಕೊಂಡ ಅನ್ನುವ ಆರೋಪದ ಮೇಲೆ 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಹುಡುಗನನ್ನು ಕೊಂದು ನದಿಗೆ ಎಸೆದ ದೇಶ ಅದು. ಆ ಭಯವನ್ನು ಹೊಸದಾಗಿ ಹುಟ್ಟಿಸಬೇಕಾಗಿರಲಿಲ್ಲ, ತಟ್ಟಿ ಎಬ್ಬಿಸಿದರೆ ಸಾಕಿತ್ತು.

ಇಂಥ ಜಾಹೀರಾತಿನ ಜಾಣತನ ಇರುವುದೇ ಇಲ್ಲಿ. ಮಾತು ಕಾನೂನಿಗೆ ಸಿಗುವ ಹಾಗೆ ಸ್ವಚ್ಛ. ಕೆಲಸ ಮಾಡುವುದು ಚಿತ್ರ. ಕೇಳಿದರೆ "ನಾವು ಹಾಗಂದೇ ಇಲ್ಲವಲ್ಲ, ನಿಮ್ಮ ತಲೆಯಲ್ಲೇ ಹಾಗಿದೆ" ಅಂತ ನಮಗೇ ತಿರುಗಿಸಿ ಹೊಡೆಯಬಹುದು. ಬುಷ್ ಪ್ರಚಾರದ ಮುಖ್ಯಸ್ಥ ಲೀ ಆಟ್‌ವಾಟರ್ ಆ ವರ್ಷ ಹಾರ್ಟನ್ ಹೆಸರನ್ನು ಸಾಧ್ಯವಾದಷ್ಟು ಬಳಸಿಕೊಂಡವನು. 1991ರಲ್ಲಿ ಮೆದುಳಿನ ಕ್ಯಾನ್ಸರಿನಿಂದ ಸಾಯುವ ಮುಂಚೆ ಡುಕಾಕಿಸ್ ಬಗ್ಗೆ ತಾನು ತೋರಿದ ಕ್ರೌರ್ಯಕ್ಕೆ ಕ್ಷಮೆ ಕೇಳಿದ. ತಪ್ಪೇ ಇಲ್ಲದಿದ್ದರೆ ಕ್ಷಮೆ ಯಾಕೆ ಸ್ವಾಮಿ?

ಮುಖವೇ ಬೇಕು ಅಂತಲೂ ಇಲ್ಲ. 1990ರಲ್ಲಿ ನಾರ್ತ್ ಕ್ಯಾರೊಲೈನಾದಲ್ಲಿ ಸೆನೆಟ್ ಚುನಾವಣೆ. ಒಂದು ಕಡೆ ಜೆಸ್ಸಿ ಹೆಲ್ಮ್ಸ್. ಇನ್ನೊಂದು ಕಡೆ ಹಾರ್ವಿ ಗ್ಯಾಂಟ್, ಶಾರ್ಲಟ್ ನಗರದ ಮೊದಲ ಕಪ್ಪು ಮೇಯರ್ ಆಗಿದ್ದ ಆರ್ಕಿಟೆಕ್ಟ್. ಹೆಲ್ಮ್ಸ್ ಜಾಹೀರಾತಿನಲ್ಲಿ ಕಾಣುವುದು ಬರೀ ಎರಡು ಕೈ. ಬಿಳಿ ಕೈ. ಕೆಲಸ ಸಿಗಲಿಲ್ಲ ಎಂಬ ಪತ್ರವನ್ನು ಓದಿ ಮುದುರುತ್ತವೆ. ನಿನಗೇ ಅರ್ಹತೆ ಇತ್ತು, ಆದರೆ ಕೋಟಾ ಅಂತ ಅಲ್ಪಸಂಖ್ಯಾತನಿಗೆ ಕೊಟ್ಟರು ಅಂತ ಹಿನ್ನೆಲೆಯಲ್ಲಿ ದನಿ. ಆ ಕೈಗಳಿಗೆ ಮುಖ ಇಲ್ಲ, ಹಾಗಾಗಿ ನೋಡಿದ ಪ್ರತಿ ಬಿಳಿಯನೂ ಅದು ತನ್ನದೇ ಕೈ ಅಂದುಕೊಳ್ಳಬಹುದು. ಹೆಲ್ಮ್ಸ್ ಗೆದ್ದ. ನಮ್ಮ ಇಂಜಿನಿಯರಿಂಗ್ ಹಾಸ್ಟೆಲ್ಲುಗಳಲ್ಲಿ ಸಿಇಟಿ ರ್‍ಯಾಂಕಿನ ಬಗ್ಗೆ ರಾತ್ರಿ ನಡೆಯುತ್ತಿದ್ದ ಮಾತು ನೆನಪಾಗಲಿಲ್ಲವೇ? ನನಗಂತೂ ಆಯ್ತು.

2006ರಲ್ಲಿ ಟೆನೆಸಿಯಲ್ಲಿ ಹೆರಾಲ್ಡ್ ಫೋರ್ಡ್ ಎಂಬ ಕಪ್ಪು ಅಭ್ಯರ್ಥಿಯ ವಿರುದ್ಧ ಬಂದ ಜಾಹೀರಾತಿನಲ್ಲಿ ಹೊಂಬಣ್ಣದ ಕೂದಲಿನ ಬಿಳಿ ಹುಡುಗಿಯೊಬ್ಬಳು ಇವನನ್ನು ಪಾರ್ಟಿಯಲ್ಲಿ ಭೇಟಿಯಾಗಿದ್ದೆ ಅನ್ನುತ್ತಾಳೆ. ಕೊನೆಗೆ ಕಣ್ಣು ಹೊಡೆದು ಫೋನ್ ಮಾಡು ಅನ್ನುತ್ತಾಳೆ. ತಮಾಷೆ ಅಂದರು. ಕೊನೆಗೆ ಎದುರಾಳಿ ಬಾಬ್ ಕಾರ್ಕರ್‌ನೇ ಅದನ್ನು ತೆಗೆಯಿರಿ ಅಂತ ತನ್ನ ಪಕ್ಷಕ್ಕೆ ಹೇಳಬೇಕಾಯಿತು. ಎಮೆಟ್ ಟಿಲ್ ಕಥೆ ಗೊತ್ತಿದ್ದವರಿಗೆ ಆ ಕಣ್ಣು ಹೊಡೆಯುವುದರಲ್ಲಿ ತಮಾಷೆ ಕಾಣುವುದು ಕಷ್ಟ.

ಇಲ್ಲಿಯವರೆಗೆ ಚಿತ್ರವನ್ನು ಆರಿಸುವ ಕಥೆ. ಇನ್ನು ಚಿತ್ರವನ್ನೇ ತಿದ್ದುವ ಕಥೆ. ಇದು ನಮ್ಮ ಇಲಾಖೆ :-)

2020ರ ಜುಲೈನಲ್ಲಿ ಜಾರ್ಜಿಯಾದ ಸೆನೆಟರ್ ಡೇವಿಡ್ ಪರ್ಡ್ಯೂ ಕಡೆಯಿಂದ ಫೇಸ್‌ಬುಕ್ಕಿನಲ್ಲಿ ಒಂದು ಜಾಹೀರಾತು ಬಂತು. ಎದುರಾಳಿ ಜಾನ್ ಆಸಾಫ್ ಯಹೂದಿ. ಜಾಹೀರಾತಿನಲ್ಲಿ ಆತನ ಮೂಗು ಅಸಲಿ ಫೋಟೋದಲ್ಲಿ ಇದ್ದದ್ದಕ್ಕಿಂತ ಉದ್ದವಾಗಿತ್ತು, ಅಗಲವಾಗಿತ್ತು. ಯಹೂದಿಗಳನ್ನು ಮೂಗಿನಿಂದ ಗೇಲಿ ಮಾಡುವ ಚಾಳಿ ಯುರೋಪಿನಲ್ಲಿ ಎಷ್ಟು ಹಳೆಯದು, ಅದು ಎಲ್ಲಿಗೆ ಹೋಗಿ ಮುಟ್ಟಿತು ಅಂತ ನಿಮಗೆ ಗೊತ್ತು. ಗಲಾಟೆ ಆದಮೇಲೆ ಪರ್ಡ್ಯೂ ಕಡೆಯವರು ಜಾಹೀರಾತು ತೆಗೆದರು. ಹೊರಗಿನ ವೆಂಡರ್ ಒಬ್ಬರು ಫೋಟೋದ ಅಳತೆ ಬದಲಿಸಿ ಫಿಲ್ಟರ್ ಹಾಕಿದಾಗ ಆದ ಎಡವಟ್ಟು ಅಂದರು.

ಆಹಾ! ವೆಂಡರ್ ಮೇಲೆ ಹಾಕುವುದನ್ನು ನಾನು ದಿನಾ ಸ್ಟೇಟಸ್ ಕಾಲ್‌ನಲ್ಲಿ ಕೇಳ್ತೀನಿ. ಆದರೆ ಸ್ನೇಹಿತರೇ, ಒಂದು ಫೋಟೋವನ್ನು ಅಡ್ಡಡ್ಡ ಎಳೆದರೆ ಮೂಗಿನ ಜೊತೆ ಕಿವಿಯೂ ಅಗಲ ಆಗುತ್ತದೆ, ಕಾಲರ್ರೂ ಅಗಲ ಆಗುತ್ತದೆ. ರೀಸೈಜ್ ಅನ್ನುವುದು ಎಲ್ಲ ಪಿಕ್ಸೆಲ್ಲುಗಳಿಗೂ ಒಂದೇ ಲೆಕ್ಕ. ಅದಕ್ಕೆ ಮೂಗು ಯಾವುದು, ಹಣೆ ಯಾವುದು ಗೊತ್ತಿಲ್ಲ. ಆ ಚಿತ್ರವನ್ನು ನೋಡಿದ ವಿನ್ಯಾಸಕಾರರು ಮುಖದ ಉಳಿದ ಭಾಗ ಇದ್ದ ಹಾಗೇ ಇದೆ, ಮೂಗು ಮಾತ್ರ ಬದಲಾಗಿದೆ ಅಂದರು. ಮೂಗನ್ನೇ ಹುಡುಕಿಕೊಂಡು ಹೋಗಿ ಬೆಳೆಸುವ ಎಡವಟ್ಟನ್ನು ನನ್ನ ಕೆಲಸದಲ್ಲಿ ನಾನಂತೂ ಕಂಡಿಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಸೌತ್ ಕ್ಯಾರೊಲೈನಾದ ಲಿಂಡ್ಸೆ ಗ್ರಹಾಂ ಕಡೆಯ ಜಾಹೀರಾತಿನಲ್ಲಿ ಎದುರಾಳಿ ಜೇಮಿ ಹ್ಯಾರಿಸನ್ ಮುಖ ಇದ್ದದ್ದಕ್ಕಿಂತ ಕಪ್ಪಾಗಿ ಕಾಣಿಸಿತು. ಹ್ಯಾರಿಸನ್ ಮೊದಲೇ ಕಪ್ಪು ಮನುಷ್ಯ. ಅಷ್ಟು ಕಪ್ಪು ಸಾಲಲಿಲ್ಲ ಅಂತ ಕಾಣುತ್ತೆ.

ಒಂದು ಫೋಟೋ ನೋಡಿ ಬೆಟ್ಟು ತೋರಿಸಬಾರದು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಒಂದು ಟೀವಿಯಲ್ಲಿ ಕಂಡ ಬಣ್ಣ ಇನ್ನೊಂದರಲ್ಲಿ ಕಾಣಲ್ಲ. ವೀಡಿಯೋ ಕುಗ್ಗಿಸಿದಾಗ ನೆರಳು ಗಾಢವಾಗುವುದುಂಟು. 2008ರಲ್ಲಿ ಹಿಲರಿ ಕ್ಲಿಂಟನ್ ಜಾಹೀರಾತೊಂದರಲ್ಲಿ ಒಬಾಮಾ ಮುಖ ಕಪ್ಪು ಮಾಡಿದ್ದಾರೆ ಅಂತ ಆರೋಪ ಬಂದಿತ್ತು, ಅವರ ಕಡೆಯವರು ಇಲ್ಲ ಅಂದರು. ಒಂದೇ ಚಿತ್ರದಿಂದ ಮನಸ್ಸಿನೊಳಗಿನ ಉದ್ದೇಶ ಸಾಬೀತಾಗಲ್ಲ. ಅದಕ್ಕೇ ಒಂದು ಚಿತ್ರ ಬಿಟ್ಟು ರಾಶಿಯನ್ನು ನೋಡಬೇಕು. 2008ರ ಪ್ರಚಾರದ ಜಾಹೀರಾತುಗಳಲ್ಲಿ ಒಬಾಮಾ ಮುಖದ ಬಣ್ಣವನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಕಪ್ಪಾದ ಚಿತ್ರಗಳು ಹೆಚ್ಚಾಗಿ ಸಿಕ್ಕಿದ್ದು ಆತನನ್ನು ಬೈಯುವ ಜಾಹೀರಾತುಗಳಲ್ಲಿ, ಅದರಲ್ಲೂ ಅಪರಾಧದ ಜೊತೆ ಗಂಟು ಹಾಕುವ ಜಾಹೀರಾತುಗಳಲ್ಲಿ. ಮತದಾನದ ದಿನ ಹತ್ತಿರ ಬಂದ ಹಾಗೆ ಅಂಥವು ಜಾಸ್ತಿಯಾದವು. ಟೀವಿ ಸೆಟ್ಟಿನ ದೋಷ ಆಗಿದ್ದರೆ ಹೊಗಳುವ ಜಾಹೀರಾತಿನಲ್ಲೂ ಅಷ್ಟೇ ಇರಬೇಕಿತ್ತಲ್ಲ? ಟೀವಿ ಸೆಟ್ಟಿಗೆ ಚುನಾವಣೆ ಯಾವತ್ತು ಅಂತ ಹೇಗೆ ಗೊತ್ತು?

ಇಷ್ಟೆಲ್ಲ ಬರೆದ ಮೇಲೆ ಈಗ ನಿಜವಾದ ವಿಷಯಕ್ಕೆ ಬರಬೇಕು. ಆ ದಿನ ಕ್ಯಾಂಟೀನಿನಲ್ಲಿ ನನಗೆ ಮಾತು ಕಟ್ಟಿಹೋಗಿದ್ದಕ್ಕೆ ಕಾರಣ ಬೇರೆ ಇದೆ.

2020ರ ಡಿಸೆಂಬರ್. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ. ಕೊರೊನಾ ಕಾರಣ ನಾನು ಊರಿನಲ್ಲೇ ಕೂತು ಕೆಲಸ ಮಾಡುತ್ತಿದ್ದೆ. ನಮ್ಮ ಚಿಕ್ಕಪ್ಪ ನಿಂತಿದ್ದರು. ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರಲ್ಲ, ಹಾಗಾಗಿ ಮುಖವೇ ಬಂಡವಾಳ. "ಲೇ ಮಗ, ನೀನು ಇಂಜಿನೀಯರು, ವಾಟ್ಸಾಪಿಗೆ ಹಾಕಕ್ಕೆ ಒಂದು ಚೆಂದದ್ದು ಮಾಡ್ಕೊಡು" ಅಂದರು. ಮಾಡಿದೆ. ಎಡಗಡೆ ಚಿಕ್ಕಪ್ಪ, ಬಲಗಡೆ ಎದುರಾಳಿ. ಮಧ್ಯೆ 'ಯಾರು ಬೇಕು ನೀವೇ ಹೇಳಿ' ಅಂತ ದೊಡ್ಡ ಅಕ್ಷರ. ಚಿಕ್ಕಪ್ಪನ ಮುಖ ಬೆಳ್ಳಗೆ ಮಾಡಿದೆ, ಅದು ನಮ್ಮಲ್ಲಿ ಎಲ್ಲರೂ ಮಾಡೋದೇ. ಬಸ್ ಸ್ಟ್ಯಾಂಡಿನ ಫ್ಲೆಕ್ಸುಗಳಲ್ಲಿ ಬಿಸಿಲಲ್ಲಿ ಓಡಾಡಿ ಕಪ್ಪಾದ ಯಾವ ಲೀಡರಾದರೂ ತನ್ನ ನಿಜವಾದ ಬಣ್ಣದಲ್ಲಿ ಇರುವುದನ್ನು ನೋಡಿದ್ದೀರಾ?

ಆಮೇಲೆ ಎದುರಾಳಿಯ ಫೋಟೋ. ಆ ಅಣ್ಣ ಕೇರಿಯ ಕಡೆಯವರು. ಅವರ ಫೇಸ್‌ಬುಕ್ಕಿನಲ್ಲಿ ಹತ್ತಾರು ಫೋಟೋ ಇದ್ದವು. ಮಗಳ ಹುಟ್ಟುಹಬ್ಬದ್ದು, ಬಿಳಿ ಅಂಗಿ ಹಾಕಿ ನಗುತ್ತಿದ್ದದ್ದು. ನಾನು ಆರಿಸಿದ್ದು ಯಾವುದೋ ಕೆಲಸ ಮುಗಿಸಿ ಸುಸ್ತಾಗಿ, ಕಣ್ಣು ಅರ್ಧ ಮುಚ್ಚಿ ನಿಂತಿದ್ದ ಫೋಟೋ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಚಿಕ್ಕಪ್ಪ, "ಬ್ರೈಟ್‌ನೆಸ್ ಸ್ವಲ್ಪ ಕಮ್ಮಿ ಮಾಡು" ಅಂದರು. ಸ್ಲೈಡರ್ ಎಡಕ್ಕೆ ಎಳೆದೆ. "ಇನ್ನೊಂಚೂರು" ಅಂದರು. ಇನ್ನೊಂಚೂರು ಎಳೆದೆ. ಇಬ್ಬರೂ ನಕ್ಕೆವು. ಜಾತಿಯ ಒಂದು ಮಾತೂ ಆಡಲಿಲ್ಲ. ಆಡಬೇಕಾಗಿರಲಿಲ್ಲ. ಅದರಲ್ಲಿ ಬರೆದದ್ದೆಲ್ಲ ನಿಜವೇ ಆಗಿತ್ತು, ಇಬ್ಬರ ಹೆಸರು, ಓದು, ವಯಸ್ಸು.

ಚಿಕ್ಕಪ್ಪ 14 ಮತದಿಂದ ಗೆದ್ದರು.

ಆ 14ರಲ್ಲಿ ನನ್ನ ಸ್ಲೈಡರಿನ ಪಾಲು ಎಷ್ಟು, ಸೊನ್ನೆಯೋ ಹದಿನಾಲ್ಕೋ, ಯಾರಿಗೂ ಗೊತ್ತಾಗಲ್ಲ. ಬಹುಶಃ ಸೊನ್ನೆ. ಆದರೆ ಇನ್ನೊಂದು ಗೊತ್ತು. ಅದಕ್ಕೆ ಮೂರು ತಿಂಗಳ ಹಿಂದೆ ಹ್ಯಾರಿಸನ್ ಫೋಟೋ ನೋಡಿ ಫೇಸ್‌ಬುಕ್ಕಿನಲ್ಲಿ ಕೆಂಡ ಕಾರಿದ್ದವನೂ ನಾನೇ! ಎರಡೂ ಒಂದೇ ಲ್ಯಾಪ್‌ಟಾಪ್.

ಅಮೆರಿಕದ ಜನಾಂಗಭೇದವೂ ನಮ್ಮ ಜಾತಿಯೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಗುಲಾಮಗಿರಿಯ ಚರಿತ್ರೆ, ಇಲ್ಲಿ ಬೇರೆಯೇ ಚರಿತ್ರೆ. ನಮ್ಮಲ್ಲಿ ಬಣ್ಣ ನೋಡಿ ಜಾತಿ ಹೇಳಲು ಬರುವುದಿಲ್ಲ, ಎಲ್ಲ ಜಾತಿಯಲ್ಲೂ ಎಲ್ಲ ಬಣ್ಣ ಇದೆ. ಆದರೂ ಕಪ್ಪು ಮಾಡಿದರೆ ಕೀಳಾಗಿ ಕಾಣುತ್ತದೆ ಅಂತ ನನ್ನ ಕೈಗೆ ಯಾರೂ ಹೇಳಿಕೊಡದೆ ಗೊತ್ತಿತ್ತಲ್ಲ, ಅಮೆರಿಕದ ಆ ವೆಂಡರಿಗೆ ಗೊತ್ತಿದ್ದದ್ದೂ ಅಷ್ಟೇ.

ಅದಕ್ಕೇ ನಮ್ಮವರಿಗೆ ಆ ಜಾಹೀರಾತಿನಲ್ಲಿ ತಪ್ಪು ಕಾಣುವುದಿಲ್ಲ ಅಂತ ನನ್ನ ವಾದ. ನೋಡುವಾಗ ನಾವು ಕೂರುವುದು ಬಿಳಿಯರ ಕುರ್ಚಿಯಲ್ಲಿ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬಾತ ತಾನು ಆರ್ಯ, ಮೇಲ್ಜಾತಿಯವನು, ಹಾಗಾಗಿ ಬಿಳಿಯರ ಲೆಕ್ಕದಲ್ಲಿ ಪೌರತ್ವ ಕೊಡಿ ಅಂತ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಕೇಳಿದ್ದ. ಕೋರ್ಟು ಆಗಲ್ಲ ಅಂತು. ಆ ಕುರ್ಚಿ ನಮ್ಮದಲ್ಲ ಅಂತ ಅವತ್ತೇ ಹೇಳಿದ್ದಾರೆ, ನಾವೇ ಎದ್ದಿಲ್ಲ. 2006ರಲ್ಲಿ ವರ್ಜಿನಿಯಾದ ಸೆನೆಟರ್ ಜಾರ್ಜ್ ಆಲನ್ ಪ್ರಚಾರ ಸಭೆಯಲ್ಲಿ ತನ್ನನ್ನು ವೀಡಿಯೋ ಮಾಡುತ್ತಿದ್ದ ಎದುರು ಪಕ್ಷದ ಹುಡುಗ ಸಿದ್ಧಾರ್ಥನನ್ನು 'ಮಕಾಕಾ' ಅಂದ. ಅದು ಒಂದು ಜಾತಿಯ ಕೋತಿಯ ಹೆಸರು. ಜೊತೆಗೆ ಅಮೆರಿಕಕ್ಕೆ ಸ್ವಾಗತ ಅಂದ. ಭಾರತೀಯ ಮೂಲದ ಆ ಹುಡುಗ ಹುಟ್ಟಿದ್ದೇ ವರ್ಜಿನಿಯಾದಲ್ಲಿ. 2018ರಲ್ಲಿ ಒಹಾಯೋದಲ್ಲಿ ಅಫ್ತಾಬ್ ಪುರೇವಾಲ್ ಚುನಾವಣೆಗೆ ನಿಂತಾಗ ಆತ ಹಿಂದೆ ಕೆಲಸ ಮಾಡಿದ್ದ ವಕೀಲರ ಸಂಸ್ಥೆಯ ನೆಪ ಹಿಡಿದು ಲಿಬಿಯಾದ ಭಯೋತ್ಪಾದನೆಗೆ ತಳುಕು ಹಾಕುವ ಜಾಹೀರಾತು ಬಂತು. ತಂದೆ ಪಂಜಾಬಿ, ತಾಯಿ ಟಿಬೆಟಿನವರು. ಹೆಸರು ಅಫ್ತಾಬ್ ಬದಲು ಆಂಡ್ರೂ ಆಗಿದ್ದರೆ ಲಿಬಿಯಾ ಅಷ್ಟು ಸುಲಭವಾಗಿ ಅಂಟುತ್ತಿತ್ತೇ? ಆ ಸಲ ಆತ ಸೋತ. 2021ರಲ್ಲಿ ಸಿನ್ಸಿನಾಟಿಯ ಮೇಯರ್ ಆಗಿ ಗೆದ್ದ.

ಹಾಗಾದರೆ ಏನು ಮಾಡೋದು? ಪ್ರಿನ್ಸ್‌ಟನ್ನಿನ ಪ್ರೊಫೆಸರ್ ಟಾಲಿ ಮೆಂಡೆಲ್‌ಬರ್ಗ್ 2001ರ ತಮ್ಮ ಪುಸ್ತಕದಲ್ಲಿ ಹಾರ್ಟನ್ ಪ್ರಕರಣವನ್ನು ಕೂಲಂಕಷವಾಗಿ ನೋಡಿದ್ದಾರೆ. ಅವರ ಪ್ರಕಾರ ಇಂಥ ಚಿತ್ರ ಕೆಲಸ ಮಾಡುವುದು ಗುಟ್ಟಾಗಿ ಇರುವವರೆಗೆ. 1988ರ ಅಕ್ಟೋಬರಿನಲ್ಲಿ ಜೆಸ್ಸಿ ಜಾಕ್ಸನ್ ಇದು ಜನಾಂಗದ ಆಟ ಅಂತ ಬಾಯಿಬಿಟ್ಟು ಹೇಳಿದ ಮೇಲೆ ಅದರ ಬಲ ಕುಗ್ಗಿತು. ಈಚಿನ ಕೆಲವು ಸಂಶೋಧಕರು ಇದನ್ನು ಒಪ್ಪುವುದಿಲ್ಲ, ಈಗ ಜನ ನೇರವಾಗಿ ಹೇಳಿದರೂ ನಾಚುವುದಿಲ್ಲ ಅನ್ನುತ್ತಾರೆ. ಅವರ ಮಾತೂ ನಿಜ ಇರಬಹುದು. 2018ರಲ್ಲಿ ಟ್ರಂಪ್ ಕಡೆಯ ಜಾಹೀರಾತೊಂದು ಒಬ್ಬ ಕೊಲೆಗಾರನನ್ನು ತೋರಿಸಿ ವಲಸಿಗರೆಲ್ಲರ ಮೇಲೆ ಭಯ ಹುಟ್ಟಿಸಲು ನೋಡಿತು. ಸಿಎನ್‌ಎನ್ ಅದನ್ನು ಹಾಕಲು ಒಪ್ಪಲಿಲ್ಲ, ಹಾಕಿದ್ದ ಎನ್‌ಬಿಸಿ, ಫಾಕ್ಸ್ ಎರಡೂ ಕೈಬಿಟ್ಟವು. ಮಾಡಿದವರು ನಾಚಲಿಲ್ಲ, ಆದರೆ ಹೆಸರಿಟ್ಟು ಕರೆದಿದ್ದಕ್ಕೆ ತೋರಿಸುವವರಾದರೂ ಹಿಂಜರಿದರು. ಅಷ್ಟಾದರೂ ಲಾಭವೇ.

ಹಾಗಾಗಿ ಗೆಳೆಯನಿಗೆ ನನ್ನ ಉತ್ತರ ಇದು. ಮುಂದಿನ ಸಲ ಇಂಥದ್ದು ಕಂಡಾಗ 'ಇದು ನಿಜವೋ ಸುಳ್ಳೋ' ಅಂತ ಕೇಳಿ ನಿಲ್ಲಿಸಬೇಡ. ಈ ಮುಖವನ್ನೇ ಯಾಕೆ ಆರಿಸಿದರು ಅಂತ ಕೇಳು. ಈ ಮುಖ ತೆಗೆದರೆ ವಾದದಲ್ಲಿ ಏನು ಉಳಿಯುತ್ತದೆ ಅಂತ ಕೇಳು. ಏನೂ ಉಳಿಯದಿದ್ದರೆ ಅದು ವಾದ ಅಲ್ಲ, ಸ್ಲೈಡರ್.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಆ ಅಣ್ಣ ಡೈರಿ ಹತ್ತಿರ ಸಿಕ್ಕಿದ್ದರು. "ಹೆಂಗಿದೀಯಪ್ಪ, ಬೆಂಗಳೂರಲ್ಲಿ ಕೆಲಸ ಎಲ್ಲ ಚೆನ್ನಾಗದಾ?" ಅಂತ ಕೇಳಿದರು. ಆ ಚಿತ್ರ ಮಾಡಿದ್ದು ನಾನು ಅಂತ ಅವರಿಗೆ ಗೊತ್ತೋ ಇಲ್ಲವೋ. "ಚೆನ್ನಾಗಿದೆ ಅಣ್ಣ" ಅಂದು ಬಂದುಬಿಟ್ಟೆ. ಹೇಳಬೇಕಿತ್ತು, ಹೇಳಲಿಲ್ಲ. ಫೈಲು ಇನ್ನೂ ಹಳೇ ಹಾರ್ಡ್ ಡಿಸ್ಕಿನಲ್ಲಿ ಇದೆ. ಯುಗಾದಿಗೆ ಮತ್ತೆ ಊರಿಗೆ ಹೋಗ್ತಿದ್ದೀನಿ. ಈ ಸಲ ಅವರ ಹತ್ತಿರ ಕೂತು ಹೇಳಬೇಕು ಅಂತಿದೆ.

ನಿಮ್ಮಲ್ಲಿ ಯಾರಾದರೂ ಇಂಥ ಸ್ಲೈಡರ್ ಎಳೆದಿದ್ದೀರಾ? ನಿಜ ಹೇಳಿ. ಬೈಯಬೇಕೆನಿಸಿದರೆ ನನ್ನನ್ನೂ ಬೈಯಿರಿ, ಪರವಾಗಿಲ್ಲ.